ಸ್ಟುಡಿಯೊ ಅಮ್ಮ ಮತ್ತು ಮೂರನೇ ರೋಲು

ಸ್ಟುಡಿಯೊ ಅಮ್ಮನ ಹತ್ತು ಬೆರಳ ತುದಿಗಳೂ ಬೆಳ್ಳಗಿದ್ದವು. ಎಣ್ಣೆಗೆಂಪು ಬಣ್ಣದ ಕೈ ಮಣಿಕಟ್ಟಿನಿಂದ ಬೆರಳ ಕೊನೆಯ ಗೆಣ್ಣಿನವರೆಗೆ ಒಂದೇ ಸಮ ಬಂದು, ಅಲ್ಲಿಂದಾಚೆ ಸುಣ್ಣದ ನೀರಿಗೆ ಅದ್ದಿ ತೆಗೆದಂತೆ ಬಿಳುಪಾಗಿಬಿಡುತ್ತಿತ್ತು. ಬೀದಿಯವರು ಅದನ್ನು ತೊನ್ನು ಅಂದುಕೊಂಡಿದ್ದರು. ಅವರು ಕೊಟ್ಟು ಕಳಿಸಿದ ಚಟ್ನಿಪುಡಿಯನ್ನು ಪಕ್ಕದ ಮನೆಯಾಕೆ ತೆಗೆದುಕೊಂಡು, ಬಾಗಿಲು ಹಾಕಿದ ಮೇಲೆ ಹಿತ್ತಲ ಕಡೆಯಿಂದ ಚೆಲ್ಲಿದ್ದನ್ನು ನಾನೇ ಮಹಡಿಯಿಂದ ನೋಡಿದ್ದೇನೆ. ಅದು ಅವರಿಗೂ ಗೊತ್ತಿತ್ತು. ಆದರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಒಮ್ಮೆ ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ನಕ್ಕುಬಿಟ್ಟರು.

"ತೊನ್ನಲ್ಲ ಕಣವ್ವ, ಫಿಲಂ ತೊಳ್ಯೋ ಡೆವಲಪರ್ರು. ಮೂವತ್ತು ವರ್ಸ ಅದರ ನೀರಲ್ಲೇ ಕೈ ಇಟ್ಕೊಂಡಿದ್ರೆ ಇನ್ನೇನಾಯ್ತದೆ? ಬಣ್ಣ ಅದು ತಗಂತು, ಕೆಲ್ಸ ನಂಗ್ ಕೊಡ್ತು."

ನಂಜನಗೂಡಿನ ಶಾಲೆಯೊಂದಕ್ಕೆ ವಿಜ್ಞಾನದ ಮೇಡಂ ಆಗಿ ಬಂದಾಗ ನಾನು ಹಿಡಿದದ್ದು ಅವರ ಮಹಡಿಯ ಮನೆಯನ್ನು. ಕೆಳಗಡೆ ಅವರೊಬ್ಬರೇ ಇದ್ದರು. ಬನ್ನೂರಿಗೆ ಕೊಟ್ಟಿದ್ದ ಮಗಳು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅವರ ಯಜಮಾನರು ಬಜಾರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದವರು, ಅಷ್ಟು ಹೊತ್ತಿಗೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಂಗಡಿ ಮುಚ್ಚಿ, ಆ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದರೂ ಬೀದಿಯ ಮಟ್ಟಿಗೆ ಅವರು ಸ್ಟುಡಿಯೊ ಅಮ್ಮನಾಗಿಯೇ ಉಳಿದಿದ್ದರು.

ಅವರ ಕೆಲವು ಅಭ್ಯಾಸಗಳು ನನಗೆ ಮೊದಲು ವಿಚಿತ್ರವೆನಿಸಿದವು. ಮನೆಯೊಳಗೆ ಎಷ್ಟು ಕತ್ತಲಾಗಿದ್ದರೂ ದೀಪ ಹಾಕುತ್ತಿರಲಿಲ್ಲ. ಸಕ್ಕರೆ ಡಬ್ಬಿ, ಚಾಪುಡಿ ಡಬ್ಬಿ, ಬೆಂಕಿಪೊಟ್ಟಣ ಎಲ್ಲವೂ ಗೋಡೆಯಿಂದ ಇಷ್ಟೇ ಗೇಣು ಎಂಬ ಲೆಕ್ಕದಲ್ಲಿ ಇರಬೇಕು. ನಾನು ತೆಗೆದ ಡಬ್ಬಿಯನ್ನು ನಾಲ್ಕು ಬೆರಳು ಆಚೆ ಇಟ್ಟರೆ ಗದರುತ್ತಿದ್ದರು. ಹಾಲು ಕಾಯಿಸುವಾಗ, ಅನ್ನ ಬಸಿಯುವಾಗ ತುಟಿಯಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಗಡಿಯಾರದ ಸೆಕೆಂಡು ಮುಳ್ಳಿಗೂ ಅವರ ಎಣಿಕೆಗೂ ವ್ಯತ್ಯಾಸ ಬರುತ್ತಿರಲಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇನೆ.

ಬಾಡಿಗೆ ಮನೆ ಸಿಕ್ಕ ವಿಷಯವನ್ನು ಫೋನಿನಲ್ಲಿ ಅವ್ವನಿಗೆ ಹೇಳಿದೆ. ನನ್ನ ಅವ್ವ ಇರುವುದು ತಲಕಾಡಿನಲ್ಲಿ, ಅಪ್ಪ ಮತ್ತು ತಮ್ಮನ ಸಂಸಾರದ ಜೊತೆ. ಅವಳ ತವರು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರು. "ಬಜಾರಲ್ಲಿ ಸ್ಟುಡಿಯೊ ಇತ್ತಂತಲ್ಲ, ಆ ಅಮ್ಮನ ಮನೆ" ಎಂದ ಕೂಡಲೇ ಅವ್ವ ಕೇಳಿದಳು: "ಬ್ಯಾರೆ ಮನೆ ಸಿಗ್ನಿಲ್ವಾ ನಿಂಗೆ?"

ಆ ಕತೆ ನನಗೆ ಚಿಕ್ಕಂದಿನಿಂದ ಗೊತ್ತು. ಹೆಸರು ಮುಖ ಗೊತ್ತಿರಲಿಲ್ಲ, ಅಷ್ಟೇ. ಅವ್ವನ ಮದುವೆ ಹದಿನಾರಿನಲ್ಲಿ ನಡೆದಾಗ ನಂಜನಗೂಡಿನಿಂದ ಫೋಟೊದವರು ಬಂದಿದ್ದರು. ಮೂರು ರೋಲು ತೆಗೆದರಂತೆ. ಎರಡು ರೋಲಿನ ಫೋಟೊಗಳು ಬಂದವು. ಮೂರನೆಯದು, ಧಾರೆಯ ಹೊತ್ತಿನದು, ಪೂರ್ತಿ ಹಾಳು. ಧಾರೆ ಎರೆದ ತಾತ ಬೇರೆ ಯಾವ ಫೋಟೊದಲ್ಲೂ ಇರಲಿಲ್ಲ. ಬಂದವರ ಊಟ, ನೀರು ಎಂದು ಓಡಾಡಿಕೊಂಡಿದ್ದವರು ಕ್ಯಾಮೆರಾದ ಮುಂದೆ ನಿಂತದ್ದು ಅದೊಂದು ಗಳಿಗೆ. ಆರು ತಿಂಗಳಲ್ಲಿ ತಾತ ಹೋಗಿಬಿಟ್ಟರು. ಗೋಡೆಗೆ ಹಾಕಲು ಒಂದು ಫೋಟೊ ಇಲ್ಲ. ಫೋಟೊದವರ ಹೆಂಡತಿ ಮನೆಯಲ್ಲಿ ಫಿಲಂ ತೊಳೆಯಲು ಹೋಗಿ ಕೆಡಿಸಿದಳು ಎನ್ನುವುದು ನಮ್ಮ ನೆಂಟರಿಷ್ಟರೆಲ್ಲರ ಬಾಯಲ್ಲೂ ಇದ್ದ ಮಾತು. ಅವ್ವನಂತೂ ಅಂದಿನಿಂದ ಯಾರ ಕ್ಯಾಮೆರಾಕ್ಕೂ ಮುಖ ಕೊಟ್ಟವಳಲ್ಲ. ತಮ್ಮನ ಮದುವೆ ಮಾತುಕತೆಯ ದಿನವೂ ಸೆರಗು ಮುಂದೆಳೆದುಕೊಂಡು ಅಡುಗೆಮನೆ ಸೇರಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮನೆ ಬಿಡಲಿಲ್ಲ. ಸ್ಟುಡಿಯೊ ಅಮ್ಮನಿಗೆ ನಾನು ಯಾರ ಮಗಳು ಎಂದೂ ಹೇಳಲಿಲ್ಲ. ತಲಕಾಡಿನವಳು ಅಂದಿದ್ದೆ, ಅದು ಸುಳ್ಳಲ್ಲವಲ್ಲ. ಆದರೆ ಅವರು ಮೆಟ್ಟಿಲ ಕೆಳಗೆ ನಿಂತು "ಮಗಾ, ಕಾಫಿ ಆರೋಯ್ತದೆ ಬಾ" ಎಂದು ಕರೆದಾಗಲೆಲ್ಲ ಏನೋ ಬಚ್ಚಿಟ್ಟುಕೊಂಡವಳಂತೆ ಇಳಿದು ಹೋಗುತ್ತಿದ್ದೆ.

ಫಿಲಂ ಹುಚ್ಚು ಹತ್ತಿದ್ದು ಆಮೇಲೆ. ಮೈಸೂರಿನ ಗೆಳತಿಯೊಬ್ಬಳು ತನ್ನ ಅಪ್ಪನ ಹಳೆಯ ಕ್ಯಾಮೆರಾ ಕೊಟ್ಟಳು. ಈಗ ಮತ್ತೆ ಕೆಲವರು ಫಿಲಂ ಹಾಕಿ ಫೋಟೊ ತೆಗೆಯುತ್ತಾರೆ, ರೋಲುಗಳು ಅಂಚೆಯಲ್ಲಿ ಬರುತ್ತವೆ. ಕಪ್ಪು ಬಿಳುಪು ರೋಲನ್ನು ತೊಳೆದುಕೊಡುವವರು ಮಾತ್ರ ಸುತ್ತಮುತ್ತ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಕ್ಯಾಮೆರಾ ನೋಡಿದ ಸ್ಟುಡಿಯೊ ಅಮ್ಮ ಸೋಸುತ್ತಿದ್ದ ಸೊಪ್ಪು ಬಿಟ್ಟು ಎದ್ದರು. ಅಟ್ಟದ ಮೇಲಿಂದ ನನ್ನ ಕೈಲಿ ಒಂದು ತಗಡಿನ ಪೆಟ್ಟಿಗೆ ಇಳಿಸಿಕೊಂಡರು. ಒಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕರಿಯ ಡಬ್ಬಿ, ಅದರೊಳಗೆ ಎರಡು ಬಿಳಿ ರೀಲು.

"ಇದ್ರೊಳಕ್ಕೆ ಫಿಲಂ ಸುತ್ಬೇಕು. ಒಂದ್ ಸುತ್ತು ಇನ್ನೊಂದಕ್ಕೆ ಅಂಟ್ಕೋಬಾರ್ದು. ಅಂಟ್ಕಂಡ್ರೆ ಅಲ್ಲಿಗೆ ಡೆವಲಪರ್ ಓಗಲ್ಲ, ಆ ಫೋಟೊ ಸತ್ತಂಗೆ. ಸುತ್ತೋದೆಲ್ಲ ಕತ್ಲಲ್ಲೇ. ಕಲ್ತ್ಕತೀಯಾ?"

"ನೀವೇ ಸುತ್ತಿಕೊಡಿ ಅಮ್ಮಾ, ನಾನು ನೋಡ್ತೀನಿ" ಎಂದೆ.

ಅವರು ತಮ್ಮ ಬಿಳಿಯ ಬೆರಳುಗಳನ್ನು ಮುಂದೆ ಹಿಡಿದರು. "ಇವಕ್ಕೆ ಜೀವ ಇಲ್ಲ ಕಣವ್ವ ಈಗ. ಸೂಜಿ ಚುಚ್ಚಿದ್ರೂ ತಿಳಿಯಕ್ಕಿಲ್ಲ. ನಾನ್ ಬಾಯಲ್ಲಿ ಏಳ್ತೀನಿ, ನೀನ್ ಕೈಯಲ್ಲಿ ಮಾಡು."

ಅಡುಗೆಮನೆಗೂ ಬಚ್ಚಲಿಗೂ ನಡುವೆ ಕಿಟಕಿಯಿಲ್ಲದ ಒಂದು ಉಗ್ರಾಣದ ಕೋಣೆಯಿತ್ತು. ಭಾನುವಾರ ಮಧ್ಯಾಹ್ನ, ಹೊರಗೆ ಸುಡುವ ಬಿಸಿಲು. ಬಾಗಿಲ ಸಂದಿಗೆ ಗೋಣಿತಾಟು ತುರುಕಿ, ಮೇಲೆ ಎರಡು ಕಂಬಳಿ ಇಳಿಬಿಟ್ಟು ನಾವಿಬ್ಬರೂ ಒಳಗೆ ಕೂತೆವು. ಅಕ್ಕಿಮೂಟೆಯ ವಾಸನೆ, ಅವರ ಹಣೆಯ ವಿಭೂತಿಯ ವಾಸನೆ. ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಕೈಯಲ್ಲಿದ್ದದ್ದು ಅಭ್ಯಾಸಕ್ಕೆಂದು ಹಾಳು ಮಾಡಿಕೊಂಡ ಒಂದು ರೋಲು.

"ಕಣ್ ಬಿಟ್ಕೊಂಡು ತಡಕಾಡ್ಬ್ಯಾಡ. ಮುಚ್ಕೊ. ಬಿಟ್ಕೊಂಡ್ರೆ ಕಾಣಲ್ಲ ಅಂತ ಗಾಬ್ರಿ ಆಯ್ತದೆ. ಮುಚ್ಕೊಂಡ್ರೆ ಗಾಬ್ರಿ ಇಲ್ಲ."

ಮೊದಲ ದಿನ ಫಿಲಂನ ತುದಿ ರೀಲಿನ ಬಾಯಿಗೇ ಸಿಗಲಿಲ್ಲ. ಎರಡನೆಯ ಭಾನುವಾರ ಸಿಕ್ಕಿತು, ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ನಾನು ಒತ್ತಿ ತಳ್ಳಿದೆ. ಪಟ್ ಎಂಬ ಸಣ್ಣ ಸದ್ದು.

"ನಿಲ್ಸು!" ಕತ್ತಲೊಳಗಿಂದ ಕೂಗಿದರು. "ಮುರೀತು. ಅಲ್ಲಿ ಒಂದ್ ಮಡಿಕೆ ಬಿತ್ತು ನೋಡು."

"ನಿಮಗೆ ಹೇಗೆ ಗೊತ್ತಾಯ್ತು?"

"ಕೇಳುಸ್ತಲ್ಲ! ಚೆನ್ನಾಗ್ ಓಯ್ತಿದ್ರೆ ಸೀರೆ ನೆರಿಗೆ ಸವ್ರಿದಂಗೆ ಸದ್ದು ಬತ್ತದೆ. ಸಿಕ್ಕಾಕಂಡ್ರೆ ಕಡ್ಲೆ ಮುರ್ದಂಗೆ. ಬಲವಂತ ಮಾಡ್ಬಾರ್ದು ಕಣವ್ವ. ವಾಪಸ್ ಎಳ್ಕೊ, ಉಸ್ರು ಬಿಡು, ಮತ್ತೆ ಮೊದ್ಲಿಂದ ಸುರು ಮಾಡು."

ಇನ್ನೊಂದು ವಾರ ಅಂಗೈ ಬೆವರಿಗೆ ಫಿಲಂ ಒದ್ದೆಯಾಗಿ ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ. ರೀಲಿನಲ್ಲಿ ಒಂದು ಹನಿ ತೇವವಿದ್ದರೂ ಕೆಲಸ ಕೆಟ್ಟಿತು ಎಂದು ಹೇಳಿ, ರೀಲನ್ನು ಹಪ್ಪಳದ ಜೊತೆ ಬಿಸಿಲಿಗಿಡಿಸಿದರು. ನನ್ನ ಕೈಗೆ ಅಕ್ಕಿಹಿಟ್ಟು ಹಚ್ಚಿ ಒರೆಸಿಕೊಳ್ಳಲು ಹೇಳಿ, ಮರುಗಳಿಗೆಗೆ "ಥೂ, ಬ್ಯಾಡ ಬ್ಯಾಡ, ಫಿಲಂಗೆ ಇಟ್ಟು ಮೆತ್ಕತದೆ, ಬರೀ ಬಟ್ಟೆಲಿ ಒರಸ್ಕೊ" ಎಂದು ತಾವೇ ನಕ್ಕರು.

ಐದನೆಯ ಭಾನುವಾರವೋ ಆರನೆಯದೋ, ಎರಡೂ ಕೈಯ ಹೆಬ್ಬೆರಳು ಹಿಂದೆ ಮುಂದೆ ಆಡುತ್ತಾ ಆಡುತ್ತಾ ಫಿಲಂ ಸದ್ದಿಲ್ಲದೆ ಒಳಗೆ ಹೋಗುತ್ತಲೇ ಹೋಯಿತು. ನಾನು ಉಸಿರು ಬಿಗಿಹಿಡಿದಿದ್ದೆ. ಪೂರ್ತಿ ಹೋಗಿ ಬಾಲದ ತುದಿ ಬೆರಳಿಗೆ ಸಿಕ್ಕಾಗ ಪಕ್ಕದಿಂದ ಅವರೇ ಉಸ್ಸೆಂದರು. "ಓಯ್ತು ಮಗಾ, ಓಯ್ತು!" ಕತ್ತಲಲ್ಲಿ ನನ್ನ ಬೆನ್ನು ಹುಡುಕಿ ತಟ್ಟಲು ಹೋಗಿ ಅಕ್ಕಿಮೂಟೆಗೆ ತಟ್ಟಿದರು. ಇಬ್ಬರೂ ನಕ್ಕ ನಗುವಿಗೆ ಕಂಬಳಿ ಕಳಚಿ ಬಿತ್ತು. ಅಭ್ಯಾಸದ ರೋಲಾದ್ದರಿಂದ ನಷ್ಟವೇನೂ ಆಗಲಿಲ್ಲ.

ಆ ಮೇಲೆ ಮೂರು ರೋಲು ನಾನೇ ಸುತ್ತಿ, ಅವರ ಎಣಿಕೆಗೆ ಸರಿಯಾಗಿ ಡಬ್ಬಿ ಅಲ್ಲಾಡಿಸಿ, ಮೂಡಿದ ಚಿತ್ರ ಅಳಿಯದಂತೆ ಹೈಪೋ ಹಾಕಿ ತೊಳೆದೆ. ತಿ. ನರಸೀಪುರದ ಸಂಗಮ, ಕಬ್ಬಿನ ಗಾಡಿಗಳು, ಶಾಲೆಯ ಮಕ್ಕಳು. ಒಂದೊಂದು ನೆಗೆಟಿವ್ ಹೊರಗೆ ಬಂದಾಗಲೂ ಅವರು ಕನ್ನಡಕ ಏರಿಸಿ ಕಿಟಕಿಗೆ ಹಿಡಿದು ನೋಡುತ್ತಿದ್ದರು.

ಆ ಧೈರ್ಯದ ಮೇಲೆ ಒಂದು ರಜೆಯಲ್ಲಿ ತಲಕಾಡಿಗೆ ಹೋಗಿ ಅವ್ವನನ್ನು ಕಾಡಿದೆ. ಮೂರು ದಿನ ಬೇಡವೆಂದಳು. ನಾಲ್ಕನೆಯ ದಿನ ಏನೆನ್ನಿಸಿತೋ, ತಾನೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹಸಿರು ಸೀರೆಯುಟ್ಟು ಕೊಟ್ಟಿಗೆಯ ಮುಂದೆ ಬಂದು ನಿಂತಳು. "ತಗಿ, ಅದೇನ್ ತಗೀತೀಯೋ." ಕರುವಿನ ಜೊತೆ, ಗದ್ದೆ ಬದುವಿನಲ್ಲಿ, ಅಪ್ಪನ ಪಕ್ಕ ಮೋರೆ ತಿರುಗಿಸಿಕೊಂಡು, ಕಡೆಗೆ ಒಮ್ಮೆ ನಕ್ಕುಕೊಂಡು, ಮೂವತ್ತಾರು ಫೋಟೊ ತೆಗೆದೆ.

ನಂಜನಗೂಡಿಗೆ ಬಂದು ತೊಳೆದೆ. ಡಬ್ಬಿ ತೆರೆದು ಫಿಲಂ ಬಿಚ್ಚಿದರೆ ಏನೂ ಇಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೀರಿನಂತೆ ತಿಳಿಯಾದ ಖಾಲಿ ಪಟ್ಟಿ.

ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಸುತ್ತುವಾಗ ಏನು ತಪ್ಪು ಮಾಡಿದೆನೋ, ಡೆವಲಪರಿಗೆ ಬದಲು ಹೈಪೋ ಮೊದಲು ಸುರಿದೆನೋ. ಅವ್ವನಿಗೆ ಏನು ಹೇಳಲಿ? ಎರಡನೆಯ ಸಲವೂ ಅದೇ ಮನೆಯಲ್ಲಿ, ಅದೇ ಡಬ್ಬಿಯಲ್ಲಿ! ಸದ್ದು ಕೇಳಿ ಸ್ಟುಡಿಯೊ ಅಮ್ಮ ಬಂದರು. ಒದ್ದೆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಒಂದೇ ಕ್ಷಣ.

"ನಿನ್ ಕೈಲಿ ಆಳಾಗಿಲ್ಲ ಕಣವ್ವ. ಅಳ್ಬ್ಯಾಡ. ಇಲ್ ನೋಡು ಅಂಚಲ್ಲಿ. ಅಕ್ಸರ, ನಂಬ್ರ ಎಲ್ಲಾ ಕರ್ರಗೆ ಬಂದವೆ. ಇವು ಕಂಪ್ನಿಯೋರು ಮೊದ್ಲೇ ಬೆಳಕಲ್ಲಿ ಬರ್ದು ಕಳ್ಸಿರ್ತಾರೆ, ತೊಳದ್ರೆ ಮಾತ್ರ ಕಾಣ್ತವೆ. ಇವು ಬಂದವೆ ಅಂದ್ರೆ ನೀನ್ ಸುತ್ತಿದ್ದೂ ಸರಿ, ತೊಳದಿದ್ದೂ ಸರಿ. ಫಿಲಂ ಕ್ಯಾಮ್ರಾ ಒಳಗೆ ಮುಂದುಕ್ಕೇ ಓಗಿಲ್ಲ. ಸುಮ್ನೆ ಗುಂಡಿ ಒತ್ಕೊಂಡ್ ಕೂತಿದ್ದೀಯ. ರೋಲ್ ಆಕಿದ್ಮೇಲೆ ಎಡಗಡೆ ತಿರುಪು ತಾನಾಗೇ ಸುತ್ತುತದಾ ನೋಡ್ಕೊ ಅಂದಿರ್ಲಿಲ್ವಾ?"

ಅಂದಿದ್ದರು. ಅವ್ವ ಒಪ್ಪಿದ ಸಂಭ್ರಮದಲ್ಲಿ ನಾನು ಮರೆತಿದ್ದೆ. ಕಣ್ಣೊರೆಸಿಕೊಳ್ಳುತ್ತಿದ್ದಾಗ ತಟ್ಟನೆ ಹೊಳೆಯಿತು. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು.

"ಹದಿನಾರಿನ ಮದುವೆಯ ರೋಲೂ ಹೀಗೇ ಇತ್ತಾ ಅಮ್ಮಾ?"

ಅವರ ಕೈ ಅಲ್ಲೇ ನಿಂತಿತು. "ಯಾರ್ ಏಳುದ್ರು ನಿಂಗೆ?"

"ಆ ಮದುವೆಯ ಹೆಣ್ಣಿನ ಮಗಳು ನಾನು."

ಪಟ್ಟಿಯನ್ನು ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದರು. ಕೈ ಒರೆಸಿಕೊಂಡರು. ನನ್ನನ್ನು ಮನೆ ಬಿಟ್ಟು ಹೋಗು ಅನ್ನುತ್ತಾರೆ ಎಂದುಕೊಂಡೆ. ಅವರು ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಲಕೋಟೆ ತಂದು ನನ್ನ ಮಡಿಲಲ್ಲಿಟ್ಟರು. ಒಳಗೆ ಹಳದಿಯಾದ ಒಂದು ಖಾಲಿ ಪಟ್ಟಿ. ಅದರ ಅಂಚಿನಲ್ಲಿ ಅಕ್ಷರ, ನಂಬರು ಎಲ್ಲವೂ ಸ್ಪಷ್ಟವಾಗಿದ್ದವು.

"ತೊಳ್ದು ನೇತಾಕ್ದಾಗ್ಲೇ ಗೊತ್ತಾಯ್ತು. ನಮ್ಮನೆಯವ್ರಿಗೂ ಒಂದ್ ಸಲ ನೋಡ್ತಿದ್ದಂಗೆ ಗೊತ್ತಾಯ್ತು. ಅಲ್ಲೇ ಕುಸ್ದು ಕೂತ್ಕಂಡ್ರು. ಅಷ್ಟೊತ್ಗೆ ನಿಮ್ ತಾತ ಬಂದ್ರು, ಬಾಗ್ಲಲ್ಲೇ ನಗ್ತಾ, ಫೋಟೊ ಎಂಗ್ ಬಂದವೆ ಅಂತ. ಇವ್ರಿಗೆ ಬಾಯೇ ಬರ್ನಿಲ್ಲ. ಮುಂದಿನ್ ವಾರ ಎರ್ಡು ಮದ್ವೆ ಒಪ್ಕಂಡಿದ್ರು. ಕ್ಯಾಮ್ರಾದೋನೇ ಕೆಡಿಸ್ದ ಅಂದ್ರೆ ಯಾರ್ ಕರೀತಾರೆ? ನಾನೇ ಮುಂದುಕ್ ಬಂದು, ನನ್ ಕೈಲಿ ಆಳಾಯ್ತು ಸ್ವಾಮೀ ಅಂದ್ಬುಟ್ಟೆ. ನನ್ನ ಯಾರೂ ಯಾವ್ದಕ್ಕೂ ಕರೀತಿರ್ನಿಲ್ಲ, ನಂಗೇನ್ ಓಗೋದಿತ್ತು ಅನ್ಕಂಡೆ."

ಹೋಗಿದ್ದು ಬಹಳ. ಆಮೇಲೆ ಸ್ಟುಡಿಯೊಗೆ ಬಂದವರು "ನಿಮ್ಮ ಮನೆಯವರ ಕೈಲಿ ಮಾತ್ರ ತೊಳೆಸ್ಬೇಡಿ ಸಾ" ಎಂದು ಹೇಳಿಯೇ ಕೊಡುತ್ತಿದ್ದರಂತೆ. ಯಜಮಾನರು "ಆಯ್ತು" ಅನ್ನುತ್ತಿದ್ದರು. ಪರದೆಯ ಹಿಂದೆ ಅದನ್ನು ಕೇಳಿಸಿಕೊಂಡು, ಆ ರೋಲುಗಳನ್ನೂ ಇವರೇ ತೊಳೆಯುತ್ತಿದ್ದರು. ಯಜಮಾನರು ಕಡೆಯವರೆಗೂ ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಯಾವ ಮದುವೆಗೆ ಹೊರಟರೂ ಇವರ ಮುಂದೆಯೇ ರೋಲು ಹಾಕಿ, ತಿರುಪು ಸುತ್ತುವುದನ್ನು ತೋರಿಸಿ, "ನೋಡ್ದಾ?" ಎಂದು ಕೇಳಿಯೇ ಹೆಗಲಿಗೇರಿಸುತ್ತಿದ್ದರಂತೆ.

"ನಿಮ್ ತಾತ ಒಂದ್ ಮಾತೂ ಅನ್ನಿಲ್ಲ. ಬುಡವ್ವ, ಬೇಕಂತ ಮಾಡಿದ್ದಾ ಅಂದ್ರು. ಅವ್ರು ತೀರ್ಕಂಡ್ಮೇಲೆ ನಿಮ್ಮವ್ವ ಬಂದ್ಲು. ಸ್ಟುಡಿಯೊ ಮುಂದೆ ನಿಂತು ಬಜಾರೆಲ್ಲ ಕೇಳಂಗೆ, ನಿನ್ ಕೈ ಸೇದೋಗ, ಮರಗಟ್ಟೋಗ ಅಂತ ಬೋಯ್ದ್ಲು. ಬಸ್ರಿ ಎಂಗ್ಸು, ಅಪ್ಪನ್ ಕಳಕಂಡಿತ್ತು. ಬೋಯ್ದೆ ಇನ್ನೇನ್ ಮಾಡ್ತಾಳೆ?"

ಆ ಬಸುರಿಯ ಹೊಟ್ಟೆಯಲ್ಲಿದ್ದವಳು ನಾನು. ನಾನು ಅವರ ಮರಗಟ್ಟಿದ ಬೆರಳುಗಳನ್ನೇ ನೋಡುತ್ತಿದ್ದೆ.

"ಅವ್ವನಿಗೆ ಹೇಳಬೇಕು ಅಮ್ಮಾ."

"ಬ್ಯಾಡ. ತೀರ್ಕಂಡೋರ ಮೇಲೆ ಯಾಕೆ ತಪ್ಪು ಆಕ್ತೀಯ?"

ಒಂದು ವಾರ ಒದ್ದಾಡಿದೆ. ಪಾಠ ಮಾಡುವಾಗಲೂ ಅದೇ. ಕೊನೆಗೆ ಅವರ ಮಾತು ಮೀರಿ ತಲಕಾಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಮೇಲೆ ಕೇಳಿದ್ದು ಒಂದೇ: "ಬೆಳಿಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ಗೆ?"

ನರಸೀಪುರದಲ್ಲಿ ಬಸ್ಸು ಬದಲಿಸುವಾಗ ಅವ್ವ ಹಿಂತಿರುಗಿ ಹೋಗೋಣ ಅಂದಳು. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಇಳಿದಾಗ ಮತ್ತೆ ಅಂದಳು. ಕೈಯಲ್ಲಿ ನಮ್ಮ ತೋಟದ ಬಾಳೆಹಣ್ಣಿನ ಚಿಪ್ಪು, ಸೆರಗಿನ ತುದಿ ಹಿಡಿದು ಹಿಡಿದು ಮುದ್ದೆಯಾಗಿತ್ತು. ಸ್ಟುಡಿಯೊ ಅಮ್ಮ ಬಾಗಿಲು ತೆಗೆದವರು ನನ್ನನ್ನೊಮ್ಮೆ ನೋಡಿದರು, ಅವ್ವನನ್ನೊಮ್ಮೆ ನೋಡಿದರು. ನನಗೆ ಬೈಗುಳ ಕಾದಿದೆ ಎಂದು ಗೊತ್ತಾಯಿತು.

"ಬಾ ತಾಯಿ ಒಳಕ್ಕೆ" ಎಂದರು ಅವ್ವನಿಗೆ.

ಅವ್ವ ಒಳಗೆ ಬರಲಿಲ್ಲ. ಹೊಸಿಲಲ್ಲೇ ಹಣ್ಣಿಟ್ಟು, ಅವರ ಎರಡೂ ಕೈ ಹಿಡಿದುಕೊಂಡು ಆ ಬೆರಳುಗಳನ್ನು ಒತ್ತಿ ಒತ್ತಿ ನೋಡಿದಳು. "ಇಲ್ ಒತ್ತಿದ್ರೆ ತಿಳೀತದಾ? ಇಲ್ಲಿ?"

"ಇಲ್ಲ ಕಣವ್ವ."

"ನಾನ್ ಅಂದ್ ಮಾತು..." ಅವ್ವ ಅತ್ತುಬಿಟ್ಟಳು.

"ಅಯ್ಯೋ, ನಿನ್ ಮಾತ್ಗಲ್ಲ ಕಣವ್ವಾ, ಸಕ್ರೆ ಕಾಯ್ಲೆಗೆ!" ಸ್ಟುಡಿಯೊ ಅಮ್ಮ ಜೋರಾಗಿ ನಕ್ಕರು. "ಡಾಕ್ಟ್ರು ಚೀಟಿ ಕೊಟ್ಟವ್ರೆ, ಬೇಕಾದ್ರೆ ತೋರುಸ್ತೀನಿ. ನೀನ್ ಅಂದಿದ್ದು ಅಲ್ಲಿಗೇ ಓಯ್ತು. ಆಮೇಲೂ ಇಪ್ಪತ್ತೈದ್ ವರ್ಸ ಫಿಲಂ ಸುತ್ತಿವ್ನಿ ಈ ಕೈಲಿ."

ಅವ್ವ ಅಳುತ್ತಿದ್ದವಳು ನಗಲು ಹೋಗಿ ಕೆಮ್ಮಿದಳು. ನಾನು ನೀರು ತರಲು ಓಡಿದೆ. ವಾಪಸ್ಸು ಬರುವಷ್ಟರಲ್ಲಿ ಇಬ್ಬರೂ ನೆಲದ ಮೇಲೆ ಕೂತು ಸಕ್ಕರೆ ಕಾಯಿಲೆಗೆ ಮೆಂತ್ಯ ಒಳ್ಳೆಯದೋ ಹಾಗಲಕಾಯಿ ಒಳ್ಳೆಯದೋ ಎಂದು ಮಾತಾಡುತ್ತಿದ್ದರು. ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತೆ. ಎರಡು ವರ್ಷಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ನನ್ನ ಎದೆ ಹಗುರವಾಗಿತ್ತು.

ಅಂದು ಮಧ್ಯಾಹ್ನ ಅವ್ವ ಕೇಳಿದ್ದು, ಆ ಕತ್ತಲ ಕೋಣೆ ಎಲ್ಲಿ ಎಂದು. ಮೂವರೂ ಹೋಗಿ ಕೂತೆವು. ಸ್ಟುಡಿಯೊ ಅಮ್ಮ ಬಾಯಲ್ಲಿ ಹೇಳಿದಂತೆ ಅವ್ವ ಅಭ್ಯಾಸದ ಫಿಲಂ ಸುತ್ತಿದಳು. ನಾನು ಆರು ವಾರ ತೆಗೆದುಕೊಂಡದ್ದನ್ನು, ನಾಟಿ ಹಾಕಿ ಪಳಗಿದ ಅವಳ ಕೈ ಎರಡನೇ ಸಲಕ್ಕೇ ಮಾಡಿ ಮುಗಿಸಿತು. "ಈ ಮೇಡಮ್ಮಿಗಿಂತ ನೀನೇ ವಾಸಿ" ಎಂಬ ಮಾತು ಕತ್ತಲೊಳಗಿಂದ ಬಂತು.

ಸ್ಟುಡಿಯೊ ಅಮ್ಮ ಇನ್ನೂ ಮೂರು ವರ್ಷ ಇದ್ದರು. ಅವ್ವ ನನ್ನನ್ನು ನೋಡುವ ನೆಪದಲ್ಲಿ ಅವರನ್ನು ನೋಡಲು ಬರುತ್ತಿದ್ದಳು. ನನಗೆ ಅವರು ಕೊಟ್ಟದ್ದು ಬರಿಯ ಕೈಕೆಲಸವಲ್ಲ. ಶಾಲೆಯಲ್ಲಿ ಒಂದು ಮಗು ಏನಾದರೂ ಕೆಡಿಸಿದಾಗ, ಬೈಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ಅಂಚು ನೋಡುವುದನ್ನು ನಾನು ಕಲಿತದ್ದು ಆ ಬಚ್ಚಲ ಕಲ್ಲಿನ ಮೇಲೆ.

ಒಂದು ಸಂಜೆ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅವ್ವನೂ ಬಂದಳು. ಊಟದ ಪಂಕ್ತಿಯಲ್ಲಿ ಹದಿನಾರಿನ ಕಡೆಯ ನಮ್ಮ ನೆಂಟರೊಬ್ಬರು ಸಿಕ್ಕರು. ಎಲೆಯ ಮೇಲೆ ನೀರು ಚಿಮುಕಿಸುತ್ತಾ ಅವರು ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ನಿನ್ ಮದ್ವೆ ಫಿಲಂ ಆಳ್ಮಾಡಿದ್ದು ಈವಮ್ಮನೇ ಅಲ್ವೇನವ್ವ?"

ಪಂಕ್ತಿಯಲ್ಲಿದ್ದ ಐವತ್ತು ಜನಕ್ಕೂ ಕೇಳುವಂತೆ ಅವ್ವ ಹೇಳಿದಳು: "ಇಲ್ಲ ಕಣಣ್ಣ. ಅವ್ರ ಕೈಲಿ ಒಂದ್ ರೋಲೂ ಆಳಾಗಿಲ್ಲ. ನಂಗ್ ಚೆನ್ನಾಗ್ ಗೊತ್ತು."

ಮತ್ತೆ ಯಾರು ಮಾಡಿದ್ದು ಎಂದು ಅವರು ಕೇಳಿದರು. ಸ್ಟುಡಿಯೊ ಅಮ್ಮನ ಬನ್ನೂರಿನ ಮಗಳು ಪಾಯಸದ ಬಕೀಟು ಹಿಡಿದು ನಮ್ಮ ಸಾಲಿಗೆ ಬಂದಿದ್ದಳು. ಅವಳ ಕಣ್ಣುಗಳು ತುಂಬಿದ್ದವು, ಮುಖ ಮಾತ್ರ ಅರಳಿತ್ತು. ಅವ್ವ ದೊನ್ನೆ ಮುಂದಿಟ್ಟು, "ಇನ್ನೊಂಚೂರು ಆಕು ಮಗ" ಎಂದಳು.